ನನ್ನ ಚೆಂಡಿಗೆ ಕಾದವನಿಗೆ

ಪ್ರೀತಿಯ ಕೋರ್ಡೆಲ್,

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾನಲ್ಲ, ಇವನಿಗೇನಾಯಿತು ಎಂದು ಗಾಬರಿಯಾಗಬೇಡ. ಇಲ್ಲಿ ಯಾರೂ ಸತ್ತಿಲ್ಲ. ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಆರ್ಲೀನ್ ಹೋಟೆಲಿನ ಕಾಫಿಯೂ ಅಷ್ಟೇ ಕೆಟ್ಟದಾಗಿದೆ. ಫೋನಿನಲ್ಲಾದರೆ ನೀನು ನಗುತ್ತೀಯ. ನೀನು ನಕ್ಕರೆ ಹೇಳಬೇಕಾದದ್ದನ್ನು ನುಂಗಿಕೊಂಡು ನಾನು ಬೇರೇನೋ ಹರಟುತ್ತೇನೆ. ಅದಕ್ಕೇ ಈ ಕಾಗದ. ಗೋಧಿ ಬಂದು ಮುಗಿದಿದೆ, ಜೋಳ ಇನ್ನೂ ಹೊಲದಲ್ಲೇ ಇದೆ. ಧಾನ್ಯದ ಉಗ್ರಾಣಕ್ಕೆ ಲಾರಿಗಳು ಬಾರದ ದಿನಗಳು ಇವು. ಕಚೇರಿಯ ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದೇನೆ.

ನೀನು ಹೋದ ಮೇಲೂ ಸಂಜೆಯ ಹೊತ್ತು ನಾನು ಕಾಲೇಜು ಮೈದಾನಕ್ಕೆ ಹೋಗುತ್ತೇನೆ. ಅಭ್ಯಾಸಬಲ. ಆ ಮೊಟ್ಟೆಯಾಕಾರದ ಫುಟ್‌ಬಾಲ್ ಚೆಂಡು ಎಸೆಯುತ್ತೇನೆ, ಅದು ಬಿದ್ದಲ್ಲಿಗೆ ನಾನೇ ನಡೆದುಹೋಗಿ ಎತ್ತಿಕೊಳ್ಳುತ್ತೇನೆ, ಮತ್ತೆ ಈ ಕಡೆಗೆ ಎಸೆಯುತ್ತೇನೆ. ಎಸೆದವನೇ ಹೋಗಿ ಹೆಕ್ಕುವುದು ಆಟವಲ್ಲ ಕಣೋ, ಕೂಲಿ. ಮೊನ್ನೆ ಅಪ್ಪ ಟ್ರಕ್ಕು ನಿಲ್ಲಿಸಿ ಕಿಟಕಿಯಿಂದ ಕೂಗಿದರು: "ಏನೋ, ನಾಯಿ ಸಾಕಬಾರದಾ? ಅದಾದ್ರೂ ತಂದ್ಕೊಡ್ತಿತ್ತು!" ನಾನೂ ನಕ್ಕೆ. ಆದರೆ ನಿನ್ನನ್ನು ನೋಡಬೇಕು ಅನ್ನಿಸಿತು.

ನಮ್ಮ ಕಾಲೇಜು ತಂಡಕ್ಕೆ ಆಡಲು ನೀನು ಮೊದಲು ಬಂದದ್ದೂ ಇಂಥದೇ ಬಿಸಿಲಿನಲ್ಲಿ. ಟೆಕ್ಸಸ್‌ನಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದು ಇಳಿದವನು ಸುತ್ತ ನೋಡಿ, "ಇಲ್ಲಿ ಮರಗಳನ್ನ ಯಾರು ಕದ್ಕೊಂಡ್ ಹೋದ್ರು?" ಅಂದೆ. ನನ್ನ ಹೆಸರು ವೆಸ್ ಎಂದು ಹೇಳಿದರೂ ಮೊದಲ ದಿನದಿಂದಲೇ ನನ್ನನ್ನು ಜೋಳ ಎಂದು ಕರೆದೆ. ಅವತ್ತು ಸಂಜೆ ನಾನು ಎಸೆದ ಮೊದಲ ಚೆಂಡು ನೆನಪಿದೆಯಾ? ನಿನ್ನಂಥ ಓಟವನ್ನು ನಾನು ಕಂಡೇ ಇರಲಿಲ್ಲ. ನೆಬ್ರಾಸ್ಕದ ದಕ್ಷಿಣದ ಗಾಳಿ ಎದುರು ಹೊಡೆಯುತ್ತಿತ್ತು, ನನ್ನ ತೋಳಂತೂ ಮೊದಲೇ ಬಡಪಾಯಿ. ಚೆಂಡು ನಿನಗಿಂತ ಎಷ್ಟೋ ಹಿಂದೆ ಬಿತ್ತು. ನೀನು ದೂರದಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ಕೂಗಿದೆ: "ಲೋ ಜೋಳ, ಚೆಂಡು ಏನು ಬಸ್ಸಲ್ಲಿ ಬರ್ತಾ ಇದ್ಯಾ?" ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಕೋಚ್ ರುಸ್ಕಾ ಮಾತ್ರ ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡು ಹೇಳಿದರು: "ವೆಸ್ ತೋಳು ಉದ್ದ ಮಾಡೋದು ನನ್ನಿಂದ ಆಗಲ್ಲಪ್ಪ. ನಿನ್ನ ಹೆಜ್ಜೆನೇ ಗಿಡ್ಡ ಮಾಡೋಣ."

ಆಮೇಲೆ ನಮ್ಮ ಸಂಜೆಗಳೆಲ್ಲ ಅದಕ್ಕೇ ಹೋದವು. ಚೆಂಡು ನನ್ನ ಕೈ ಬಿಟ್ಟ ಕ್ಷಣಕ್ಕೆ ನೀನು ಹೆಜ್ಜೆ ಸಣ್ಣದು ಮಾಡಬೇಕು, ಭುಜದ ಮೇಲಿಂದ ಹೊರಳಿ ನೋಡಬೇಕು, ಗಾಳಿಯಲ್ಲಿ ತೂರಾಡುತ್ತಾ ಬರುವ ಆ ಚೆಂಡಿಗೆ ಕಾಯಬೇಕು. ನಿನ್ನ ಬೆನ್ನಟ್ಟಿ ಬಂದವನು ನಿಲ್ಲಲಾಗದೆ ಮುಂದೆ ಓಡಿಹೋಗುತ್ತಿದ್ದ, ನೀನು ತಣ್ಣಗೆ ಹಿಡಿದುಕೊಳ್ಳುತ್ತಿದ್ದೆ. ಊರಿನವರು ಅದಕ್ಕೆ 'ಕೋರ್ಡೆಲ್ ಸ್ಟಾಪು' ಎಂದು ಹೆಸರಿಟ್ಟರು. ಆರ್ಲೀನ್ ಅದೇ ಹೆಸರಿನಲ್ಲಿ ಒಂದು ಚೆರಿ ಪೈ ಮಾಡಿ ಮಾರಿದಳು. ಅದು ನಿನ್ನ ಹುಟ್ಟುಗುಣ ಎಂದೇ ಎಲ್ಲರೂ ನಂಬಿದರು. ಕೊನೆಕೊನೆಗೆ ನಾವಿಬ್ಬರೂ ಹಾಗೇ ನಂಬಿಬಿಟ್ಟೆವು.

ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆದಾಗ ನಾವೆಲ್ಲ ಆರ್ಲೀನ್ ಹೋಟೆಲಿನಲ್ಲೇ ಕೂತಿದ್ದೆವು. ದೊಡ್ಡ ದೊಡ್ಡ ಕಾಲೇಜುಗಳ ಹುಡುಗರನ್ನು ವೃತ್ತಿಪರ ತಂಡಗಳು ಒಬ್ಬೊಬ್ಬರನ್ನಾಗಿ ಆರಿಸಿಕೊಂಡವು. ಕೊನೆಯ ದಿನದ ಕೊನೆಯ ಸುತ್ತಿನಲ್ಲಿ ಟಿವಿಯವನು ನಿನ್ನ ಹೆಸರೆತ್ತಿದ: "ಕಾಲಲ್ಲಿ ವೇಗ ಇದೆ, ಎದೇಲಿ ಧೈರ್ಯ ಇಲ್ಲ. ಚೆಂಡು ಮೇಲಿರೋವಾಗ ಹೆದರಿ ನಿಧಾನ ಆಗ್ತಾನೆ. ಸಣ್ಣ ಕಾಲೇಜಲ್ಲಿ ನಡೆದ್ಹೋಯ್ತು, ಇಲ್ಲಿ ನಡೆಯಲ್ಲ." ಆರ್ಲೀನ್ ಟೇಬಲ್ ಒರೆಸುವ ಬಟ್ಟೆಯನ್ನು ಟಿವಿಗೇ ಎಸೆದಳು. "ಕೋಟು ಹಾಕ್ಕೊಂಡು ಕೂತವನಿಗೇನೋ ಗೊತ್ತು ಓಡೋದು!" ಅಷ್ಟರಲ್ಲಿ ನಿನ್ನ ಫೋನು ಬಡಿದುಕೊಂಡಿತು, ಒಂದು ತಂಡ ನಿನ್ನನ್ನು ಆರಿಸಿಕೊಂಡಿತ್ತು. ಮಾತಾಡಿ ಮುಗಿಸಿದವನು ನನ್ನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ. ಟೆಕ್ಸಸ್‌ಗೆ ಫೋನ್ ಹಚ್ಚಿದರೆ ನಿನ್ನಜ್ಜಿ ಕೇಳಿದ್ದು ಒಂದೇ: "ಅದೆಲ್ಲ ಇರ್ಲಿ ಮಗಾ, ಹೊಟ್ಟೆಗೇನು ಕೊಡ್ತಾರಂತೆ ಅಲ್ಲಿ?"

ಕಳೆದ ಭಾನುವಾರ ನೀನು ತಂಡದ ತರಬೇತಿ ಕ್ಯಾಂಪಿನಿಂದ ಮಾತಾಡಿದಾಗ ನಿನ್ನ ದನಿ ನನಗೆ ಗುರುತೇ ಸಿಗಲಿಲ್ಲ. "ಇಲ್ಲೂ ಅದನ್ನೇ ಹೇಳ್ತಾರೆ ಕಣೋ ಜೋಳ, ನಾನು ಹೆದರ್ತೀನಂತೆ. ನಂಗೇನೂ ಹೆದರಿಕೆ ಇಲ್ಲ. ಆದ್ರೆ ಎಲ್ರೂ ಹೇಳಿ ಹೇಳಿ, ನಿಜವಾಗ್ಲೂ ಹೆದರ್ತೀನೇನೋ ಅಂತ ಈಗ ನಂಗೇ ಅನುಮಾನ" ಅಂದೆ. ಮುಂದಿನ ವಾರ ತಂಡದಿಂದ ಕೆಲವರ ಹೆಸರು ಕಿತ್ತುಹಾಕುತ್ತಾರೆ, ನಿನ್ನದೂ ಹೋಗುತ್ತದೆ ಎಂದು ನೀನೇ ಹೇಳಿದೆ. "ಹೋದ್ರೆ ಹೋಗ್ಲಿ ಬಿಡು, ಅಲ್ಲಿಗೇ ಬಂದ್ಬಿಡ್ತೀನಿ. ಕೋಚ್ ರುಸ್ಕಾ ಜೊತೆ ಹುಡುಗ್ರಿಗೆ ಕಲಿಸ್ತೀನಿ. ನಿಮ್ಮಪ್ಪ ಬಾಡಿಗೆಗೆ ಕೊಡ್ತಿದ್ರಲ್ಲ ಆ ಪುಟ್ಟ ಮನೆ, ಖಾಲಿ ಇದ್ಯೇನೋ?"

ಖಾಲಿ ಇದೆ, ಬಾ ಅಂದೆ ನಾನು. ನೀನು ಅಷ್ಟು ನೊಂದುಕೊಂಡು ಹೇಳುತ್ತಿರುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮಾರನೆಯ ದಿನವೇ ಹೋಗಿ ಆ ಮನೆಯ ಕಿಟಕಿಗಳನ್ನೆಲ್ಲ ತೆರೆದೆ, ಅಡುಗೆಮನೆಗೆ ಹಳದಿ ಬಣ್ಣ ಬಳಿದೆ. ನಿನಗೆ ಹಳದಿ ಇಷ್ಟ ಎಂದು.

ನಿಮ್ಮ ತಂಡದ ಗುರುವಾರದ ಪಂದ್ಯವನ್ನು ಊರೆಲ್ಲ ಹೋಟೆಲಿನ ಟಿವಿ ಮುಂದೆ ಸೇರಿ ನೋಡಿತು. ಆರ್ಲೀನ್ ಎಲ್ಲರಿಗೂ ಮಾಂಸ, ಬೀನ್ಸು ಹಾಕಿದ ಖಾರದ ಚಿಲಿ, ಜೊತೆಗೆ ದಾಲ್ಚಿನ್ನಿ ರೋಲು ಕೊಟ್ಟಳು. ಕೊನೆಯ ಹೊತ್ತಿನಲ್ಲಿ ನಿನ್ನನ್ನು ಮೈದಾನಕ್ಕೆ ಇಳಿಸಿದರು. ಓಡಿದೆ ನೀನು, ನಿನ್ನ ಹಿಂದಿದ್ದವನು ಅಲ್ಲೇ ಉಳಿದ. ನಿಮ್ಮ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡು ನಿನ್ನ ಕೈಗಿಂತ ಮುಂದೆ ಬಿತ್ತು. ಇನ್ನೊಮ್ಮೆ ಎಸೆದ, ಮತ್ತೆ ಮುಂದೆಯೇ ಬಿತ್ತು. ಹೋಟೆಲಿನಲ್ಲಿದ್ದವರೆಲ್ಲ ಸಿಟ್ಟಿನಿಂದ ಉರಿದುಬಿದ್ದರು. "ಕೈಗೆ ಕೊಡೋದು ಬಿಟ್ಟು ಪಕ್ಕದೂರಿಗೆ ಎಸೀತಾನಲ್ಲಯ್ಯ ಇವನು!" "ಅಷ್ಟೊಂದು ಸಂಬಳ ತಗೊಂಡು ಇದಾ ಎಸೆಯೋದು?" ಅಪ್ಪನಂತೂ ಎದ್ದು ನಿಂತು, "ನಮ್ಮ ವೆಸ್ ಎಸೆದಿದ್ರೆ ಇಷ್ಟೊತ್ತಿಗೆ ಗೆದ್ದಿರ್ತಿದ್ವಿ!" ಅಂದುಬಿಟ್ಟರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಜನ್ಮದಲ್ಲಿ ಮೊದಲ ಸಲ ಅಪ್ಪ ನನ್ನ ತೋಳನ್ನು ಹೊಗಳಿದ್ದರು. ನಾನು ರೋಲನ್ನು ತಟ್ಟೆಯಲ್ಲೇ ಬಿಟ್ಟೆ.

ಯಾಕೆಂದರೆ ಅವರೆಲ್ಲ ಚೆಂಡು ನೋಡುತ್ತಿದ್ದರು, ನಾನು ನಿನ್ನ ಕಾಲು ನೋಡುತ್ತಿದ್ದೆ. ಚೆಂಡು ಅವನ ಕೈ ಬಿಟ್ಟ ಕ್ಷಣ ನಿನ್ನ ಹೆಜ್ಜೆ ಸಣ್ಣದಾಯಿತು. ಭುಜದ ಮೇಲಿಂದ ಹೊರಳಿ ನೋಡಿದೆ. ಅವನು ಎಸೆದದ್ದು ಸರಿಯಾಗಿಯೇ ಇತ್ತು ಕೋರ್ಡೆಲ್. ನೀನು ಇರಬೇಕಾದ ಜಾಗಕ್ಕೇ ಎಸೆದಿದ್ದ. ನೀನು ಮಾತ್ರ ಅಲ್ಲಿರಲಿಲ್ಲ, ಒಂದೆರಡು ಹೆಜ್ಜೆ ಹಿಂದೆ ನನ್ನ ಚೆಂಡಿಗೆ ಕಾಯುತ್ತಿದ್ದೆ.

ನಿನಗೆ ಭವಿಷ್ಯ ಇದೆಯೋ ಇಲ್ಲವೋ ಎಂದು ಟಿವಿಯವನು ಹೇಳಿದ, ನಿಮ್ಮ ಕ್ಯಾಂಪಿನವರು ಹೇಳುತ್ತಿದ್ದಾರೆ. ನಾನೂ ಹೇಳುತ್ತೇನೆ ಕೇಳು. ಅವರಿಗೆ ಕಂಡದ್ದು ನಿಜ, ತಿಳಿದುಕೊಂಡದ್ದು ತಪ್ಪು. ನೀನು ಹೆದರುಪುಕ್ಕಲನಲ್ಲ. ನಮ್ಮ ಗಾಳಿಗೆ, ನನ್ನ ಬಡ ತೋಳಿಗೆ ನಿನ್ನ ಕಾಲನ್ನು ನಾವು ಪಳಗಿಸಿದೆವು, ಆ ಕಾಲು ಇನ್ನೂ ನಮ್ಮ ಮಾತನ್ನೇ ಕೇಳುತ್ತಿದೆ. ಅದನ್ನು ಬಿಡಿಸಬಹುದು. ಇದನ್ನು ಓದಿದ ಮಾರನೆಯ ದಿನವೇ ಆ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿದುಕೋ. ಅಭ್ಯಾಸಕ್ಕೆ ಮುಂಚೆ ಚೆಂಡು ಎಸೆದುಕೊಡು ಎಂದು ಕೇಳು, ನಾಚಿಕೆಪಡಬೇಡ. ಅವನ ಕೈಯಿಂದ ಚೆಂಡು ಹೊರಟಾಗ ತಿರುಗಬೇಡ, ಹೆಜ್ಜೆ ಕಡಿಮೆ ಮಾಡಬೇಡ, ಇದ್ದಷ್ಟು ಓಡು. ಮೊದಮೊದಲು ಚೆಂಡು ಬರುವುದೇ ಇಲ್ಲ ಅನ್ನಿಸುತ್ತದೆ. ಬರುತ್ತದೆ. ಅಂಥ ತೋಳು ಇರುವವರು ಲೋಕದಲ್ಲಿದ್ದಾರೆ, ಅಂಥವನ ಜೊತೆ ನೀನು ಈಗ ಆಡುತ್ತಿದ್ದೀಯ. ಹೆಸರು ಕೀಳುವ ಮುಂಚೆ ಇನ್ನೂ ಒಂದು ಪಂದ್ಯ ಇದೆಯಲ್ಲ, ಅಷ್ಟು ಸಾಕು. ನೀನು ಆ ತಂಡದಲ್ಲಿ ಉಳಿಯುತ್ತೀಯ. ನಾನು ಇದನ್ನು ಗೆಳೆತನಕ್ಕೆ ಹೇಳುತ್ತಿಲ್ಲ.

ಗೆಳೆತನಕ್ಕೆ ಹೇಳುವುದಿದ್ದರೆ ಸುಮ್ಮನೆ ಬಾ ಎಂದು ಹೇಳುತ್ತಿದ್ದೆ. ನಿನ್ನೆ ಇಡೀ ದಿನ ಅದನ್ನೇ ಯೋಚಿಸಿದೆ. ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸೆಪ್ಟೆಂಬರಿಗೆ ನೀನು ಇಲ್ಲಿರುತ್ತೀಯ. ಶುಕ್ರವಾರ ಸಂಜೆ ಮೈದಾನದ ಅಂಚಿನಲ್ಲಿ ಇಬ್ಬರೂ ನಿಂತು ಹುಡುಗರನ್ನು ಬೈಯುತ್ತೇವೆ, ಆಮೇಲೆ ಆರ್ಲೀನ್ ಕೈಯಲ್ಲಿ ನಾವು ಬೈಸಿಕೊಳ್ಳುತ್ತೇವೆ. ಅದು ನನಗೆ ಎಷ್ಟು ಬೇಕಾಗಿದೆ ಎಂದರೆ, ಬರೆಯಲು ಕೂತ ಕಾಗದವನ್ನು ಎರಡು ಸಲ ಹರಿದುಹಾಕಿದ್ದೇನೆ. ಆದರೆ ಬಂದ ಮೇಲೆ, ನೀನು ಹೆದರುಪುಕ್ಕಲ ಎಂದು ನೀನೇ ನಂಬಿಕೊಂಡು ಬದುಕುತ್ತಿರುವುದನ್ನು ಆ ಹಳದಿ ಅಡುಗೆಮನೆಯಲ್ಲಿ ದಿನಾ ನೋಡಿಕೊಂಡು ಕಾಫಿ ಕುಡಿಯುವುದು ನನ್ನಿಂದ ಆಗದು.

ಮನೆ ಬಾಡಿಗೆಗೆ ಕೇಳಿಕೊಂಡು ಕಾಲೇಜಿನ ಹೊಸ ಸಂಗೀತದ ಮೇಷ್ಟ್ರು ಬಂದಿದ್ದರು. ಬೆಳಿಗ್ಗೆ ಹೋಗಿ ಅವರ ಕೈಗೆ ಬೀಗದ ಕೈ ಕೊಟ್ಟು ಬಂದೆ. "ಅಡುಗೆಮನೆ ಬಣ್ಣ ಚೆನ್ನಾಗಿದೆ ಕಣ್ರೀ" ಎಂದು ಅವರ ಹೆಂಡತಿ ಹೇಳಿದರು. ಆದ್ದರಿಂದ ಇಲ್ಲಿ ನಿನಗೆ ಈಗ ಮನೆಯಿಲ್ಲ, ತಿಳಿಯಿತಾ? ಅಂಚೆಯವರು ಬಾಗಿಲು ಹಾಕುವ ಮುಂಚೆ ಇದನ್ನು ಕೊಟ್ಟುಬಿಡಬೇಕು. ಚೆನ್ನಾಗಿ ಉಣ್ಣು. ಅಜ್ಜಿಗೆ ಫೋನ್ ಮಾಡು. ಮೈಯಲ್ಲಿ ಕಸುವಿರಲಿ, ಮಂಡಿ ಗಟ್ಟಿಯಿರಲಿ, ದೇವರು ನಿನ್ನ ಜೊತೆಗಿರಲಿ.

ನೀನು ವಾಪಸು ಬರುವಂತಾಗದಿರಲಿ ಎಂದು ಬಾಯಲ್ಲಿ ಹಾರೈಸಿ, ಮನಸ್ಸಿನಿಂದಲೂ ಹಾರೈಸಲು ಕಲಿಯುತ್ತಿರುವ,
ನಿನ್ನ ಜೋಳ