ಅಪ್ಪನ ಮೈಲುಗಳಲ್ಲಿ ಶಿರಿಯಕ್ಕೆ

ಶಿರಿಯ, 17-3-2012

ಪ್ರೀತಿಯ ಅಪ್ಪನಿಗೆ,

ವಿಮಾನ ಕಂಪನಿ ಮುಳುಗುವ ಮೊದಲೇ ನೀವು ಹಾರಿ ಹಾರಿ ಅವರ ಖಾತೆಯಲ್ಲಿ ಕೂಡಿಟ್ಟ ಮೈಲುಗಳನ್ನೆಲ್ಲ ಕೊಟ್ಟು ನಮಗಿಬ್ಬರಿಗೂ ಪುಕ್ಕಟೆ ಟಿಕೆಟ್ ಮಾಡಿಸಿದ್ದು ಒಳ್ಳೆಯದಾಯಿತು. ಇಪ್ಪತ್ತೆರಡು ವರ್ಷಗಳ ಬಳಿಕ ತನ್ನ ಅಕ್ಕನನ್ನು ಕಂಡು ಅಮ್ಮ ಅಳುತ್ತಾರೆಂದುಕೊಂಡಿದ್ದೆ. ಕಿನ್ನಿ ದೊಡ್ಡಮ್ಮ ಅದಕ್ಕೆ ಪುರುಸೊತ್ತೇ ಕೊಡಲಿಲ್ಲ. “ಹೊಳೆಯಲ್ಲಿ ನೀರು ಇಳಿದುಂಟು, ಬರ್ತೀಯಾ ಮಾರಾಯ್ತಿ?” ಎಂದರು. ಇಬ್ಬರೂ ಸೀರೆ ಎತ್ತಿ ಕಟ್ಟಿ, ಸೊಂಟದವರೆಗಿನ ನೀರಿನಲ್ಲಿ ಕಾಲಿನಿಂದ ತಡಕಿ ತಡಕಿ ಸಾರಿಗೆಂದು ಒಂದು ಬುಟ್ಟಿ ಮರುವಾಯಿ ಚಿಪ್ಪು ಹೆಕ್ಕಿದರು. ಮುಂಬಯಿಯಲ್ಲಿ ಮೆಟ್ಟಿಲು ಹತ್ತಲಾಗದ ನಮ್ಮ ಅಮ್ಮ! ಮೊಣಕಾಲು ನೋವಿನ ಮಾತ್ರೆಯನ್ನು ಇನ್ನೂ ಮುಟ್ಟಿಲ್ಲ.

ನಾವು ಮರಳಬೇಕಿದ್ದ ಸೋಮವಾರದ ವಿಮಾನ ರದ್ದಾಗಿದೆಯೆಂದು ಈಗಷ್ಟೇ ಮೆಸೇಜ್ ಬಂತು. ಹೆದರುತ್ತಲೇ ಅಮ್ಮನಿಗೆ ಹೇಳಿದೆ. “ಅದಕ್ಕೆ ಎಂತ? ಅಪ್ಪನನ್ನೇ ಇಲ್ಲಿಗೆ ಬರ್ಲಿಕ್ಕೆ ಹೇಳು” ಎಂದು ನಕ್ಕರು. ಈ ಅಂಚೆ ಕಾರ್ಡ್ ಸಿಕ್ಕಿದ ದಿನವೇ ರೈಲು ಹತ್ತಿ, ಅಪ್ಪಾ.

ನಿಮ್ಮ ರಶ್ಮಿತಾ