ಕಿಲ್‌ಬ್ರೈಡ್ ಬೀದಿಯಲ್ಲಿ ಯಾರನ್ನೂ ಕೊಲ್ಲುವುದಿಲ್ಲ

ಬೀದಿಗಳಿಗೆ ಹೆಸರಿಡುವ ಅಧಿಕಾರ ಹೊತ್ತ ಕೌನ್ಸಿಲ್ ಅಧಿಕಾರಿಗಳೇ,

ಮಾನ್ಯರೇ, ನಮ್ಮ ಕಿಲ್‌ಬ್ರೈಡ್ ಬೀದಿಗೆ ‘ಸನ್‌ರೈಸ್’ ಎಂದು ಹೊಸ ಹೆಸರಿಡಲು ಹೊರಟಿದ್ದೀರಿ. ನನ್ನ ತಕರಾರು ಇರುವುದು ಅದಕ್ಕೆ ನಮ್ಮನ್ನು ನೆಪ ಮಾಡಿದ್ದರ ಬಗ್ಗೆ. ‘ಕಿಲ್’ ಎಂದರೆ ಕೊಲೆ, ‘ಬ್ರೈಡ್’ ಎಂದರೆ ಮದುಮಗಳು, ಹೊಸದಾಗಿ ಬಂದ ಭಾರತೀಯ ಕುಟುಂಬಗಳಿಗೆ ಇದು ಅಪಶಕುನ ಎನ್ನುತ್ತದೆ ನಿಮ್ಮ ಸುತ್ತೋಲೆ. ಯಾವ ಕುಟುಂಬವನ್ನು ಕೇಳಿದಿರಿ?

ಹೆದರಿದವಳು ನಾನೊಬ್ಬಳಿದ್ದೆ, ಒಪ್ಪುತ್ತೇನೆ. 2003ರಲ್ಲಿ ಮದುವೆಯಾಗಿ ಮೆಲ್ಬರ್ನಿಗೆ ಬಂದಾಗ, ಡಾಕ್‌ಲ್ಯಾಂಡ್ಸಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ಪುರುಷೋತ್ತಮ ಇದೇ ಬೀದಿಯಲ್ಲಿ ಮನೆ ಹಿಡಿದಿದ್ದರು. ಫಲಕ ಓದಿದ ನಾನು ಕಾರಿನಿಂದ ಇಳಿಯಲೇ ಇಲ್ಲ. ಪಕ್ಕದ ಮನೆಯ ನೋರಾ ಆಂಟಿ ಬಂದು ವಿಷಯ ಕೇಳಿದರು. ನಗಲಿಲ್ಲ. ಕಿಟಕಿಯ ಬಳಿ ಬಗ್ಗಿ ವಿವರಿಸಿದರು: ಐರಿಷ್ ಹೆಸರುಗಳಲ್ಲಿ ಬರುವ ‘ಕಿಲ್’ ಎಂದರೆ ಚರ್ಚು, ‘ಬ್ರೈಡ್’ ಎಂದರೆ ಸಂತ ಬ್ರಿಜಿಡ್. ಐರ್ಲೆಂಡಿನಲ್ಲಿ ಈ ಹೆಸರಿನ ಊರುಗಳು ಹಲವು, ಅಂಥದೊಂದರಲ್ಲಿ ಹುಟ್ಟಿದವರು ಅವರು. ಹಿಂದೆ ನಕ್ಷೆ ಬರೆಯಲು ಬಂದ ಇಂಗ್ಲಿಷರು ಊರುಗಳ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡರಂತೆ. ಸದ್ದು ಉಳಿಯಿತು, ಅರ್ಥ ಹೋಯಿತು.

ನನಗೆ ನಾಚಿಕೆಯಾಯಿತು. ನಾನು ಹುಟ್ಟಿದ್ದು ಕೊಲ್ಲೂರಿನ ಪಕ್ಕದಲ್ಲಿ. ಆ ಹೆಸರನ್ನು ನಿಮ್ಮಂತೆ ಒಡೆದರೆ ‘ಕೊಲ್ಲುವ ಊರು’ ಆದೀತು! ಅಲ್ಲಿರುವವಳು ತಾಯಿ ಮೂಕಾಂಬಿಕೆ. ಜನ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವುದು ಅಕ್ಷರಾಭ್ಯಾಸ ಮಾಡಿಸಲು. ತಮ್ಮ ಕಚೇರಿಯವರೂ ಒಮ್ಮೆ ಹೋಗಿಬರಬಹುದು.

ಕಳೆದ ತಿಂಗಳು ಸುತ್ತೋಲೆ ಬಂದ ದಿನ ಎಂಬತ್ತೊಂದರ ನೋರಾ ಆಂಟಿ ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. “ಈ ಹೆಸರು ನಿಮಗೆ ಅಷ್ಟು ಕಷ್ಟವಾಗಿದ್ದರೆ ನಾನು ಅಡ್ಡ ಬರುವುದಿಲ್ಲ, ಆದರೆ ನನಗೆ ಮೊದಲೇ ಹೇಳಬಹುದಿತ್ತು,” ಎಂದರು. ಐದು ವರ್ಷ ಸಲುಗೆಯಿಂದ ಮನೆಗೆ ಬಂದುಹೋಗುತ್ತಿದ್ದವರು ಅಂದು ಒಳಗೆ ಬರದೆ ಮೆಟ್ಟಿಲಲ್ಲೇ ನಿಂತಿದ್ದರು. ಇದು ನಿಮ್ಮ ಸಾಧನೆ.

ನಾವು ಹೀಗೆ ಕೇಳಿಯೇ ಇಲ್ಲ ಎಂದು ಅವರಿಗೆ ತಿಳಿಸಿದೆ. ಮರುದಿನವೇ ಹೆಸರು ಉಳಿಸಿ ಎಂಬ ಮನವಿ ಹಿಡಿದು ನಾನೂ ನೋರಾ ಆಂಟಿಯೂ ಬೀದಿಯ ಹನ್ನೊಂದು ಭಾರತೀಯ ಮನೆಗಳಿಗೂ ಹೋದೆವು. ನಿಮ್ಮವರು ಒಬ್ಬರನ್ನೂ ಕೇಳಿರಲಿಲ್ಲ. ಕೊನೆಯ ಮನೆಯ ಭವ್ಯಶ್ರೀ ಸ್ವಲ್ಪ ಹಿಂಜರಿದಳು. ಆಮೇಲೆ, “ಹೆಸರು ಒಂಥರಾ ಇದೆ ನಿಜ ಅಕ್ಕ. ಆದ್ರೆ ನನ್ ಮಗಳು ನಡೆಯೋಕೆ ಕಲಿತದ್ದು ಇದೇ ಬೀದೀಲಿ. ಪೆನ್ ಕೊಡಿ,” ಎಂದಳು.

ಹನ್ನೊಂದೂ ಮನೆಗಳ ಸಹಿ ಲಗತ್ತಿಸಿದ್ದೇನೆ. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಫಲಕದ ಕೆಳಗೆ ಹೆಸರಿನ ಅರ್ಥ ಬರೆಸಿ. ನಮ್ಮ ಹೆಸರು ಹೇಳಿ ಅವರ ಊರನ್ನು ಅಳಿಸಹೊರಟಿದ್ದಕ್ಕೆ ನೋರಾ ಅವರ ಮನೆಗೇ ಹೋಗಿ ಕ್ಷಮೆ ಕೇಳಿ. ಎದ್ದು ಬಂದು ಬಾಗಿಲು ತೆರೆಯಲು ಅವರಿಗೆ ಹೊತ್ತು ಹಿಡಿಯುತ್ತದೆ. ಕಾಯಿರಿ.

ಇಂತಿ,
ಬೇಡದ ಉಪಕಾರಕ್ಕೆ ಪಾತ್ರಳಾದ,
ರಾಜೀವಿ
ಕಿಲ್‌ಬ್ರೈಡ್ ಬೀದಿ, ಮೆಲ್ಬರ್ನ್, 2008