ದೊರೆಯ ಕತ್ತಿಗೆ ಎರಡು ಟ್ಯೂಬ್

ಮಾರ್ಚ್ 3, ಬೆಳಿಗ್ಗೆ 7.00
ದೊರೆ ಮತ್ತೆ ಕೆರೆದುಕೊಳ್ಳುತ್ತಿದ್ದಾನೆ. ಬಾಲದ ಬುಡದಲ್ಲಿ ಚಿಗಟ. ಅಮ್ಮನ ನಾಯಿ — ತೂಕ ಎಂಟು ಕೆಜಿ, ಗತ್ತು ಎಂಬತ್ತು ಕೆಜಿ. ಕತ್ತಿನ ಹಿಂದೆ, ನಾಲಿಗೆಗೆ ಎಟುಕದ ಕಡೆ, ಕೂದಲು ಸರಿಸಿ ಒಂದು ಟ್ಯೂಬ್ ಔಷಧಿ ಹಾಕಿದೆ. ತಿಂಗಳಿಗೆ ಒಂದೇ. ಅಮ್ಮನಾದರೆ ಹಾಕಿದ ತಾರೀಕಿಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಿದ್ದಳು. ಕ್ಯಾಲೆಂಡರ್ ಇನ್ನೂ ಹೋದ ಅಕ್ಟೋಬರಿನಲ್ಲೇ ಇದೆ.

ಅಕ್ಕ ಸ್ನಾನಕ್ಕೆ ಹೋಗಿದ್ದಳು. ಎದುರಿಗಿದ್ದರೂ ಹೇಳುತ್ತಿರಲಿಲ್ಲ. ಐದು ತಿಂಗಳಿಂದ ಮಾತಿಲ್ಲ. ಮೊದಲೂ ಎಣ್ಣೆ ಸೀಗೇಕಾಯಿಯೇ, ಆದರೆ ಜಗಳಕ್ಕಾದರೂ ಮಾತಿತ್ತು. ಅಮ್ಮ ಹೋದ ದಿನ ಅವಳು ಏಳು ಸಲ ಫೋನ್ ಮಾಡಿದ್ದಳು. ನಾನು ಎತ್ತಲಿಲ್ಲ.

ಸಂಜೆ 6.30
ನಾನು ಮನೆಗೆ ಬಂದಾಗ ದೊರೆ ಬಾಗಿಲಿಗೆ ಬರಲಿಲ್ಲ. ಬಾಯಿ ತುಂಬ ಜೊಲ್ಲು, ಕಾಲು ನಡುಕ. ಕಸದ ಬುಟ್ಟಿ ನೋಡಿದೆ — ಖಾಲಿ ಟ್ಯೂಬ್ ಎರಡು. ಒಂದು ನನ್ನದು. ಇನ್ನೊಂದರ ಮೇಲೆ ‘20 ಕೆಜಿ ಮೇಲ್ಪಟ್ಟ ನಾಯಿಗೆ’. ಮಧ್ಯಾಹ್ನ ಅಕ್ಕ ಹಾಕಿದ್ದು.

ಅವಳೇ ಪ್ರಾಣಿ ಡಾಕ್ಟರಿಗೆ ಫೋನ್ ಹಚ್ಚಿದಳು. ಸ್ಪೀಕರ್.

“ಯಾರು ಹಾಕಿದ್ದು?”

“ಇಬ್ರೂ...”

“ಒಂದೇ ಮನೇಲಿದ್ದೀರಲ್ವಾ? ಒಂದ್ಮಾತು ಕೇಳ್ಬಾರ್ದಿತ್ತಾ?”

ಟ್ಯೂಬಿನ ಮೇಲಿದ್ದದ್ದನ್ನು ನಾನು ಓದಿ ಹೇಳಿದೆ.

“ಪಾತ್ರೆ ತೊಳೆಯೋ ಸೋಪ್ ಹಾಕಿ ತೊಳೀರಿ. ನೆಕ್ಕೋಕೆ ಬಿಡ್ಬೇಡಿ. ತಕ್ಷಣ ಕರ್ಕೊಂಡ್ ಬನ್ನಿ, ಟ್ಯೂಬೂ ತನ್ನಿ.”

ಅವಳು ಉಗುರುಬೆಚ್ಚಗಿನ ನೀರು ಹುಯ್ದಳು, ನಾನು ತಿಕ್ಕಿದೆ. ಕೈಗೆ ಕೈ ತಾಗಿತು. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

ಮಾರ್ಚ್ 4
ಕ್ಲಿನಿಕ್. ಡ್ರಿಪ್. ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು. ಅಮ್ಮನದು ಅಂತ ಉಳಿದಿರುವ ಜೀವ ಇದೊಂದೇ.

ಮಾರ್ಚ್ 6
ದೊರೆ ಮನೆಗೆ ಬಂದ. ಅರ್ಧ ಬಿಸ್ಕತ್ತು ತಿಂದ. ಉಳಿದರ್ಧಕ್ಕೆ ಮೂತಿ ತಿರುಗಿಸಿದ. ಹಳೇ ಗತ್ತು.

ಏಪ್ರಿಲ್ 12, ಬೆಳಿಗ್ಗೆ
ಇನ್ನು ಹಾಕಬಹುದು ಅಂತ ಡಾಕ್ಟರ್ ಹೇಳಿದ್ದರು. ಟ್ಯೂಬ್ ತರಲು ಅಡುಗೆಮನೆಗೆ ಹೋದೆ. ಗೋಡೆಯಲ್ಲಿ ಹೊಸ ಕ್ಯಾಲೆಂಡರ್. ಇವತ್ತಿನ ತಾರೀಕಿಗೆ ಸುತ್ತು. ಕೆಳಗೆ ಅಕ್ಕನ ಅಕ್ಷರ —

‘ದೊರೆಗೆ ಹಾಕಾಯ್ತು. ಚಿಕ್ಕ ಟ್ಯೂಬೇ. ನೀನು ಹಾಕ್ಬೇಡ.’

ಆರು ತಿಂಗಳಲ್ಲಿ ನನಗೆ ಅಂತ ಅವಳ ಮೊದಲ ಮಾತು. ಮತ್ತೆ ಓದಿದೆ. ಅದರ ಕೆಳಗೆ ‘ಸರಿ ಅಕ್ಕ’ ಅಂತ ಬರೆದೆ. ಸಾಲದು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಳೆ. ಹೋಗಿ ಹೇಳಬೇಕು — ಅವತ್ತು ಫೋನ್ ಕೈಯಲ್ಲೇ ಇತ್ತು, ಭಯ ಆಗಿ ನಾನು... ಬರೆಯುತ್ತ ಕೂರುವುದಲ್ಲ, ಹೋಗುತ್ತೇನೆ.